ಬಾಗಿಲಿಗೆ ಬಂದ ಅರವತ್ತು ಪ್ರಶ್ನೆಗಳು

ಹಳ್ಳಿಯಲ್ಲಿ ಗುಟ್ಟೆಂಬುದು ನಿಲ್ಲುವುದಿಲ್ಲವೆಂದು ಪಟ್ಟಣದವರು ನಗುವುದುಂಟು. ಯಾರ ಮನೆಯಲ್ಲಿ ಎಷ್ಟು ಸಾಲ, ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ, ಯಾವ ದಾಯಾದಿಗಳು ಮಾತು ಬಿಟ್ಟಿದ್ದಾರೆ, ಇವೆಲ್ಲವೂ ಅರಳೀಕಟ್ಟೆಗೆ ತಿಳಿದ ಸಂಗತಿಗಳೇ. ಆದರೆ ಅರಳೀಕಟ್ಟೆಯ ತಿಳಿವಳಿಕೆಗೆ ಒಂದು ಎಲ್ಲೆಯಿತ್ತು. ಕೊಳ್ಳೇಗಾಲದ ನೇಕಾರರ ಬೀದಿಯ ಮಾತು ಯಳಂದೂರನ್ನು ತಲಪುವುದರೊಳಗೆ ಅರ್ಧ ಸವೆದಿರುತ್ತಿತ್ತು. ಹನೂರನ್ನು ದಾಟಿ ಮಾದಪ್ಪನ ಬೆಟ್ಟ ಹತ್ತುವುದರೊಳಗೆ ಮರೆತೇ ಹೋಗಿರುತ್ತಿತ್ತು. ಹೇಳಿದವನ ಮುಖವನ್ನು ಕೇಳಿದವನು ಬಲ್ಲ. ಸುಳ್ಳಾಡಿದವನನ್ನು ಮರುದಿನ ದಾರಿಯಲ್ಲಿ ತಡೆದು ಕೇಳಬಹುದಾಗಿತ್ತು. ಬರೆದಿಟ್ಟ ಮಾತಿಗೆ ಈ ಗುಣವಿಲ್ಲ. ಅದು ಸವೆಯದು, ಮರೆಯದು; ತನ್ನನ್ನು ಓದುತ್ತಿರುವವನು ಯಾರೆಂದು ಹೇಳುವುದೂ ಇಲ್ಲ.

ನಮ್ಮ ಹಿರಿಯರು ಬರೆಯುವವನಿಗೆ ಹೆದರುತ್ತಿದ್ದುದು ಇದಕ್ಕಾಗಿಯೇ ಎಂದು ತೋರುತ್ತದೆ. ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಸೀಮೆಯಲ್ಲಿ ಅವನು ಕರಣಂ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಯಳಂದೂರಿನ ಸೀಮೆಯಲ್ಲಿ ಅವನೇ ಶಾನುಭೋಗ. ಹೆಸರು ಬೇರೆ, ಅಧಿಕಾರ ಒಂದೇ. ಹೊಲ ಯಾರದೆಂಬುದನ್ನು ಉತ್ತವನಿಗಿಂತ ಹೆಚ್ಚಾಗಿ ಅವನ ಲೇಖಣಿ ತೀರ್ಮಾನಿಸುತ್ತಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಕಾಯಿದೆಯೊಂದು ಗ್ರಾಮದ ಆನುವಂಶಿಕ ಹುದ್ದೆಗಳನ್ನೆಲ್ಲ ರದ್ದುಪಡಿಸಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ಬಂದು, ಕೈಬರಹದ ಪಹಣಿ ಹೋಗಿ ಗಣಕಯಂತ್ರದ ಪಹಣಿ ಬಂದಿತು. ಬರೆಯುವವನು ಹೀಗೆ ಮೂರು ಬಾರಿ ಬದಲಾದ. ಬರೆಸಿಕೊಳ್ಳುವವನು ಮಾತ್ರ ಅದೇ ಬಾಗಿಲಲ್ಲಿ, ಅದೇ ಸಂಕೋಚದಿಂದ ಕೈಕಟ್ಟಿ ನಿಂತಿದ್ದಾನೆ.

2025ರ ಸೆಪ್ಟೆಂಬರ್ 22ರಂದು ಆ ಬಾಗಿಲಿಗೆ ಹೊಸ ಲೆಕ್ಕವೊಂದು ಬಂದು ನಿಂತಿತು. ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಅದು. ಮೊದಲು ವಿದ್ಯುತ್ ಮೀಟರು ಓದುವವರು ಬಂದು ಮನೆಮನೆಗೂ ಸಂಖ್ಯೆಯ ಚೀಟಿ ಅಂಟಿಸಿ ಹೋದರು; ಅನಂತರ ಶಾಲೆಯ ಮೇಷ್ಟ್ರುಗಳು ಮೊಬೈಲು ಹಿಡಿದು ಬಂದರು. ಪ್ರಶ್ನೆಗಳು ಅರವತ್ತು. ಜಾತಿ, ಉಪಜಾತಿ, ಕಸುಬು, ವಿದ್ಯೆ, ಆಸ್ತಿ, ಆದಾಯ, ಸಾಲ. ಜೊತೆಗೆ ಪಡಿತರ ಚೀಟಿ ಮತ್ತು ಆಧಾರದ ಸಂಖ್ಯೆಗಳು. ಅಕ್ಟೋಬರ್ 7ಕ್ಕೆ ಮುಗಿಯಬೇಕಾಗಿದ್ದ ಕಾರ್ಯ ಆ ತಿಂಗಳ ಕೊನೆಯವರೆಗೂ ಬೆಳೆಯಿತು.

ಈ ಸಮೀಕ್ಷೆಯನ್ನು ಹೀನೈಸುವುದು ನಮ್ಮ ಉದ್ದೇಶವಲ್ಲ. ಎಣಿಕೆಯಲ್ಲಿ ಸಿಕ್ಕದವನಿಗೆ ಪಾಲು ಸಿಕ್ಕದೆಂಬುದನ್ನು ಕೊಳ್ಳೇಗಾಲ ಹನೂರುಗಳ ಬಡಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದುಳಿದವರು ಎಷ್ಟು ಮಂದಿ, ಎಷ್ಟು ಹಿಂದುಳಿದಿದ್ದಾರೆ ಎಂಬುದನ್ನು ತಿಳಿಯದೆ ಮೀಸಲಾತಿಯ ನ್ಯಾಯವನ್ನು ತೂಗಲಾಗದು. ಆದರೆ ಎಣಿಕೆಗೆ ಬೇಕಾದುದು ಮೊತ್ತ. ಚೀಟಿ ಅಂಟಿದ್ದುದು ಮನೆಗೆ. ಮನೆಯ ಸಂಖ್ಯೆ, ವ್ಯಕ್ತಿಯ ಸಂಖ್ಯೆ, ಜಾತಿ, ಸಾಲ ಇವು ನಾಲ್ಕೂ ಒಂದೇ ಸಾಲಿನಲ್ಲಿ ಕುಳಿತ ಮೇಲೆ ಆ ಸಾಲನ್ನು ಮುಂದೆ ಯಾರು ಓದಬಹುದು, ಏತಕ್ಕೆ ಓದಬಹುದು, ಎಂದು ಅಳಿಸಬೇಕು ಎಂದು ಕೇಳುವುದು ಅಪರಾಧವಾಗಲಾರದು. 2015ರಲ್ಲಿಯೂ ಇಂಥ ಸಮೀಕ್ಷೆ ನಡೆದಿತ್ತು. ಅದು ಹಳತಾಯಿತೆಂದೇ 2025ರಲ್ಲಿ ಹೊಸದನ್ನು ಕೈಗೊಂಡರು. ಹಾಗಾದರೆ ಹಳೆಯದರಲ್ಲಿ ಬರೆಸಿಕೊಟ್ಟ ಮನೆಮಾತುಗಳು ಉದ್ದೇಶ ತೀರಿದ ಮೇಲೆ ಎಲ್ಲಿರತಕ್ಕದ್ದು?

ಪ್ರಶ್ನೆ ಹೈಕೋರ್ಟಿನವರೆಗೂ ಹೋಯಿತು. 2025ರ ಸೆಪ್ಟೆಂಬರ್ 25ರ ಮಧ್ಯಂತರ ಆಜ್ಞೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಸಮೀಕ್ಷೆಯನ್ನು ತಡೆಯಲಿಲ್ಲ. ಆದರೆ ಎರಡು ಮಾತುಗಳನ್ನು ಕಟ್ಟುನಿಟ್ಟಾಗಿ ಹೇಳಿತು: ಉತ್ತರ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಯಾರನ್ನೂ ಬಲವಂತಪಡಿಸಬಾರದು, ಸಂಗ್ರಹಿಸಿದ ವಿವರ ಗೋಪ್ಯವಾಗಿರಬೇಕು, ಯಾರಿಗೂ ಹೊರಗೆಡಹಬಾರದು.

ಓದುಗರಿಗೆ ಆಶ್ಚರ್ಯವಾದೀತು, ಹೆಚ್ಚು ಕಡಮೆ ಇದೇ ನಾಟಕ ನಲವತ್ತೆರಡು ವರ್ಷಗಳ ಹಿಂದೆ ಪಶ್ಚಿಮ ಜರ್ಮನಿಯಲ್ಲಿ ನಡೆದಿತ್ತು. 1983ರ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಜನಗಣತಿ ಆಗಬೇಕಾಗಿತ್ತು. ಅಂಥ ಸಾಧಾರಣ ಕಾರ್ಯಕ್ಕೆ ಜನ ತಿರುಗಿಬಿದ್ದರು. ಊರೂರಿನಲ್ಲಿ ವಿರೋಧದ ಸಭೆಗಳಾದುವು. ಹ್ಯಾಂಬರ್ಗ್ ನಗರದ ಇಬ್ಬರು ಮಹಿಳಾ ವಕೀಲರೂ ಸೇರಿದಂತೆ ನೂರಾರು ಮಂದಿ ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯದ ಮೊರೆಹೊಕ್ಕರು. ಗಣತಿ ನಿಂತಿತು. ಆ ವರ್ಷದ ಡಿಸೆಂಬರ್ 15ರಂದು ತೀರ್ಪು ಬಂದಿತು. ಎಣಿಸುವುದು ತಪ್ಪಲ್ಲ, ಆದರೆ ಎಣಿಕೆಯ ಹಾಳೆಯನ್ನು ನಗರಸಭೆಯ ನಿವಾಸಿಗಳ ದಫ್ತರದೊಡನೆ ತಾಳೆನೋಡಿ ತಿದ್ದಿಕೊಳ್ಳುವುದು ಸಲ್ಲದು. ತನ್ನ ಬಗೆಗಿನ ಸಂಗತಿ ಯಾರಿಗೆ, ಎಷ್ಟು ತಿಳಿಯಬೇಕೆಂಬುದನ್ನು ನಿರ್ಣಯಿಸುವ ಹಕ್ಕು ಮೊದಲು ಆ ಮನುಷ್ಯನದು. ಇದು ಆ ತೀರ್ಪಿನ ಸಾರ. ತನ್ನನ್ನು ಕುರಿತು ಯಾರು ಏನನ್ನು ಬರೆದಿಟ್ಟಿದ್ದಾರೆಂದು ಅರಿಯದವನು ಸಭೆಗೆ ಹೋಗಲು ಅಳುಕುವನು, ಸಂಘಕ್ಕೆ ಸೇರಲು ಹಿಂಜರಿಯುವನು. ಆಗ ಕೆಡುವುದು ಅವನೊಬ್ಬನ ಬಾಳಲ್ಲ, ಪ್ರಜಾಪ್ರಭುತ್ವವೇ ಎಂಬುದು ನ್ಯಾಯಾಧೀಶರ ವಾದ. ತಿದ್ದಿದ ಕಾಯಿದೆಯಂತೆ ಗಣತಿ ನಡೆದದ್ದು 1987ರಲ್ಲಿ.

ಜರ್ಮನರು ಒಂದು ಲೆಕ್ಕದ ಹಾಳೆಗೆ ಅಷ್ಟು ಬೆದರಿದುದೇಕೆ? ಅವರಿಗೆ ಹಾಳೆಯ ಹಿಂದಿನ ಕಥೆ ಗೊತ್ತಿತ್ತು. 1939ರ ಗಣತಿಯಲ್ಲಿ ನಾಜಿ ಸರ್ಕಾರ ಪ್ರತಿಯೊಬ್ಬನ ಅಜ್ಜ ಅಜ್ಜಿಯರು ಯೆಹೂದ್ಯರೇ ಎಂಬ ಪ್ರಶ್ನೆಯನ್ನು ಪ್ರತ್ಯೇಕ ಚೀಟಿಯಲ್ಲಿ ಕೇಳಿತ್ತು. ನೆರೆಯ ಹಾಲೆಂಡಿನ ಕಥೆ ಇನ್ನೂ ಕರುಣಾಜನಕ, ಏಕೆಂದರೆ ಅಲ್ಲಿ ಬರೆದವರಿಗೆ ದುರುದ್ದೇಶವೇ ಇರಲಿಲ್ಲ. ಹಾಲೆಂಡಿನ ಅಧಿಕಾರಿಗಳು ಯುದ್ಧಕ್ಕೆ ಮುನ್ನ ಅಚ್ಚುಕಟ್ಟಾದ ಜನಸಂಖ್ಯಾ ದಫ್ತರಗಳನ್ನು ಇಟ್ಟಿದ್ದರು. ಅದರಲ್ಲಿ ಮತದ ಕಾಲವೂ ಒಂದು. 1940ರಲ್ಲಿ ಜರ್ಮನ್ ಸೇನೆ ಬಂದಿತು. ಅದಕ್ಕೆ ಮನೆಮನೆ ಹುಡುಕುವ ಕಷ್ಟವೇ ಬೀಳಲಿಲ್ಲ. ದಫ್ತರ ತೆರೆದರೆ ಸಾಕಾಗಿತ್ತು. ಆ ದೇಶದ ಯೆಹೂದ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಹಿಂತಿರುಗಲಿಲ್ಲ.

1943ರ ಮಾರ್ಚ್ 27ರ ರಾತ್ರಿ, ವಿಲ್ಲೆಮ್ ಅರೋಂಡೆಯಸ್ ಎಂಬ ಕಲಾವಿದನೂ ಅವನ ಸಂಗಡಿಗರೂ ಪೊಲೀಸರ ವೇಷ ಧರಿಸಿ ಆಂಸ್ಟರ್‌ಡ್ಯಾಮಿನ ದಫ್ತರಖಾನೆಗೆ ನುಗ್ಗಿ ಬೆಂಕಿಯಿಟ್ಟರು. ಬೆಂಕಿ ಆರಿಸಲು ಬಂದವರು ಬೇಕೆಂದೇ ತಡಮಾಡಿ, ಉಳಿದ ಚೀಟಿಗಳ ಮೇಲೆಲ್ಲ ನೀರು ಸುರಿದು ನೆನೆಸಿದರಂತೆ. ಹಾಗಿದ್ದೂ ಸುಟ್ಟದ್ದು ಒಂದಂಶ ಮಾತ್ರ. ಆ ಒಂದಂಶಕ್ಕಾಗಿ ಹನ್ನೆರಡು ಮಂದಿ ಜುಲೈ 1ರಂದು ಗುಂಡಿಗೆ ಎದೆಯೊಡ್ಡಿದರು. ಒಂದು ದೇಶದ ಕಲಾವಿದರು ತಮ್ಮ ಸರ್ಕಾರವೇ ಪ್ರಾಮಾಣಿಕವಾಗಿ ಬರೆದ ಲೆಕ್ಕವನ್ನು ಸುಡಲು ಪ್ರಾಣಕೊಡಬೇಕಾಯಿತೆಂದರೆ, ಯೂರೋಪಿನವರ ಈಚಿನ ಕಾಯಿದೆಗಳ ಬೇರು ಎಲ್ಲಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಜರ್ಮನಿಯ ಹೆಸ್ಸೆ ಎಂಬ ಪ್ರಾಂತ್ಯ 1970ರಲ್ಲಿ ಮಾಡಿದ ಕಾಯಿದೆ ಜಗತ್ತಿನಲ್ಲಿ ಈ ಬಗೆಯ ಮೊದಲನೆಯದು. ಸ್ವೀಡನ್ನಿನದು 1973ರಲ್ಲಿ ಬಂದಿತು. ನಡುವಣ ಹಂತಗಳನ್ನು ಬಿಟ್ಟು ಹೇಳುವುದಾದರೆ, 2016ರಲ್ಲಿ ಅಂಗೀಕಾರವಾಗಿ 2018ರ ಮೇ 25ರಿಂದ ಜಾರಿಗೆ ಬಂದ ಸಾಮಾನ್ಯ ದತ್ತಾಂಶ ರಕ್ಷಣಾ ನಿಯಮಾವಳಿ ಯೂರೋಪು ಒಕ್ಕೂಟದ ಎಲ್ಲ ದೇಶಗಳಿಗೂ ಒಂದೇ ಆಯಿತು. ಹೇಳಿದ ಉದ್ದೇಶಕ್ಕಷ್ಟೇ ಬಳಸು, ಬೇಕಾದಷ್ಟನ್ನೇ ಕೇಳು, ಬೇಕಾದಷ್ಟು ಕಾಲವೇ ಇಟ್ಟುಕೊ, ಸೋರಿದರೆ 72 ಗಂಟೆಯೊಳಗೆ ಅಧಿಕಾರಿಗೆ ತಿಳಿಸು: ಇವು ಅದರ ಕಟ್ಟಳೆಗಳು. ಮೀರಿದ ಕಂಪೆನಿಗೆ ಎರಡು ಕೋಟಿ ಯೂರೋ, ಅಥವಾ ಜಗತ್ತಿನಾದ್ಯಂತ ಅದರ ವಾರ್ಷಿಕ ವಹಿವಾಟಿನ ನೂರಕ್ಕೆ ನಾಲ್ಕು ಪಾಲು, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೂ ದಂಡ. ಜನಾಂಗ, ಮತ, ರಾಜಕೀಯ ಅಭಿಪ್ರಾಯ, ಆರೋಗ್ಯ, ಬೆರಳಚ್ಚು ಮೊದಲಾದವಕ್ಕೆ ಇನ್ನೂ ಬಿಗಿಯಾದ ಬೇಲಿ.

ಆದರೆ ಕಟ್ಟಳೆಗಳ ಪಟ್ಟಿಗಿಂತ ಮುಖ್ಯವಾದುದು, ನಮ್ಮ ಎಣಿಕೆಯಲ್ಲಿ, ಅವುಗಳ ಹಿಂದೆ ನಿಂತ ಅಧಿಕಾರಿ. ಪ್ರತಿ ದೇಶದಲ್ಲಿಯೂ ಸರ್ಕಾರದ ಅಂಕೆಗೆ ಒಳಪಡದ ಒಂದು ಪ್ರಾಧಿಕಾರವಿರಬೇಕೆಂದು ಆ ನಿಯಮಾವಳಿ ವಿಧಿಸುತ್ತದೆ. ಸಾಮಾನ್ಯನೊಬ್ಬ ಕಾಗದ ಬರೆದು ದೂರಿಟ್ಟರೆ ಮೂರು ತಿಂಗಳೊಳಗೆ ಅವನಿಗೆ ಸಮಾಚಾರ ತಿಳಿಸಬೇಕು. ಇಲ್ಲವಾದರೆ ಅವನು ಆ ಪ್ರಾಧಿಕಾರವನ್ನೇ ಕೋರ್ಟಿಗೆಳೆಯಬಹುದು. ಹಾನಿಯಾದವನಿಗೆ ಪರಿಹಾರ ಕೇಳುವ ಹಕ್ಕೂ ಉಂಟು.

ಸ್ವೀಡನ್ನಿನ ಶೆಲ್ಲೆಫ್ಟಿಯೊ ಎಂಬ ಊರಿನ ಶಾಲೆಯೊಂದರಲ್ಲಿ ಹಾಜರಿ ಕರೆಯುವ ತೊಂದರೆ ತಪ್ಪಲೆಂದು ಇಪ್ಪತ್ತೆರಡು ಮಂದಿ ವಿದ್ಯಾರ್ಥಿಗಳ ಮುಖವನ್ನು ಯಂತ್ರದಿಂದ ಗುರುತಿಸುವ ಪ್ರಯೋಗ ಮೂರು ವಾರ ನಡೆಯಿತು. ಎಲ್ಲರ ಒಪ್ಪಿಗೆಯನ್ನೂ ಪಡೆಯಲಾಗಿತ್ತು. ಆದರೂ 2019ರ ಆಗಸ್ಟ್‌ನಲ್ಲಿ ಅಲ್ಲಿನ ಪ್ರಾಧಿಕಾರ ಪುರಸಭೆಗೆ ಎರಡು ಲಕ್ಷ ಕ್ರೋನರ್ ದಂಡ ಹಾಕಿತು. ಅದು ಕೊಟ್ಟ ಕಾರಣ ಗಮನಾರ್ಹ: ವಿದ್ಯಾರ್ಥಿ ಶಾಲೆಯ ಅಧೀನ, ಅಧೀನನಾದವನು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಈ ವಾಕ್ಯವನ್ನು ನಮ್ಮ ಸಮೀಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕು. ಉತ್ತರ ಕೊಡುವುದು ಇಚ್ಛೆಗೆ ಬಿಟ್ಟದ್ದೆಂದು ಹೈಕೋರ್ಟು ಹೇಳಿತು, ನಿಜ. ಆದರೆ ಮಗುವಿಗೆ ಅಕ್ಷರ ಕಲಿಸುವ ಮೇಷ್ಟ್ರು ಜಗಲಿಯ ಮೇಲೆ ಕುಳಿತು ಕೇಳಿದರೆ, ‘ಹೇಳುವುದಿಲ್ಲ ಸ್ವಾಮಿ’ ಎನ್ನುವ ತಾಯಿ ಹನೂರಿನ ಸೀಮೆಯಲ್ಲಿ ಎಷ್ಟು ಮಂದಿ ಸಿಕ್ಕಾರು? ನಮ್ಮಲ್ಲಿ ಮೇಷ್ಟ್ರಿಗೆ ಇಲ್ಲವೆನ್ನುವುದು ಕಾಯಿದೆಯ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ.

ಹಾಲೆಂಡು ತನ್ನ ಹಳೆಯ ಪಾಠವನ್ನು ಮರೆತದ್ದೂ ಉಂಟು. ಅಲ್ಲಿನ ತೆರಿಗೆ ಇಲಾಖೆ ಮಕ್ಕಳ ಪಾಲನೆಯ ಸಹಾಯಧನ ಪಡೆಯುತ್ತಿದ್ದ ಸಾವಿರಾರು ಕುಟುಂಬಗಳನ್ನು ವಂಚಕರೆಂದು ಹಣೆಪಟ್ಟಿ ಕಟ್ಟಿ ಬೀದಿಪಾಲು ಮಾಡಿತು. ಅರ್ಜಿದಾರರಿಗೆ ಇನ್ನೊಂದು ದೇಶದ ಪೌರತ್ವವೂ ಇದೆಯೇ ಎಂಬ ವಿವರವನ್ನು ಇಟ್ಟುಕೊಂಡು ಇಲಾಖೆ ಅನ್ಯಾಯವಾಗಿ ಬಳಸಿತ್ತು. 2021ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆಯಿತ್ತಿತು. ಡಿಸೆಂಬರ್‌ನಲ್ಲಿ ದತ್ತಾಂಶ ಪ್ರಾಧಿಕಾರ ತನ್ನದೇ ದೇಶದ ತೆರಿಗೆ ಇಲಾಖೆಗೆ ಇಪ್ಪತ್ತೇಳೂವರೆ ಲಕ್ಷ ಯೂರೋ ದಂಡ ವಿಧಿಸಿತು. ಸರ್ಕಾರಕ್ಕೆ ಸರ್ಕಾರಿ ಸಂಸ್ಥೆಯೇ ದಂಡ ಹಾಕುವುದೆಂದರೆ ಬಲಗೈಯಿಂದ ಎಡಗೈಗೆ ಹಣ ದಾಟಿಸಿದಂತೆ ಎನ್ನುವವರುಂಟು. ಹಾಗಲ್ಲ. ದಂಡದ ಮೊತ್ತಕ್ಕಿಂತ ಅದರೊಡನೆ ಪ್ರಕಟವಾಗುವ ತಪ್ಪಿನ ವಿವರ ದೊಡ್ಡದು.

ಯೂರೋಪು ಸ್ವರ್ಗವೆಂದು ಯಾರೂ ಭಾವಿಸಬೇಕಾಗಿಲ್ಲ. ಮ್ಯಾಕ್ಸ್ ಶ್ರೆಮ್ಸ್ ಎಂಬ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ, ಫೇಸ್‌ಬುಕ್ಕು ಯೂರೋಪಿನವರ ವಿವರಗಳನ್ನು ಅಮೆರಿಕಕ್ಕೆ ಸಾಗಿಸುತ್ತದೆಂದು ಐರ್ಲೆಂಡಿನ ಅಧಿಕಾರಿಗೆ ದೂರು ಕೊಟ್ಟದ್ದು 2013ರಲ್ಲಿ. ಆ ಸಾಗಾಟಕ್ಕಾಗಿ ಮೆಟಾ ಕಂಪೆನಿಗೆ 120 ಕೋಟಿ ಯೂರೋ ದಂಡ ಬಿದ್ದದ್ದು 2023ರ ಮೇ ತಿಂಗಳಲ್ಲಿ. ನಡುವೆ ಹತ್ತು ವರ್ಷ, ಯೂರೋಪಿನ ಅತ್ಯುಚ್ಚ ನ್ಯಾಯಾಲಯದ ಎರಡು ತೀರ್ಪು. ನಮ್ಮ ಜಮೀನು ವ್ಯಾಜ್ಯಗಳ ಗತಿಯನ್ನು ಬಲ್ಲವರಿಗೆ ಇದು ಪರಿಚಿತ ವೇಗವೇ. 2025ರ ನವೆಂಬರ್‌ನಲ್ಲಿ ಯೂರೋಪಿನ ಆಯೋಗ ತಾನೇ ಈ ನಿಯಮಾವಳಿಯ ಕೆಲವು ಕಟ್ಟುಗಳನ್ನು ಸಡಿಲಿಸುವ ಪ್ರಸ್ತಾವವನ್ನು ಮುಂದಿಟ್ಟಿತು. ವ್ಯಾಪಾರಕ್ಕೆ ಅಡ್ಡಿಯೆಂಬ ಮಾತು ಅಲ್ಲಿಯೂ ಕೇಳಿಬರುತ್ತದೆ.

ಈಗ ನಮ್ಮ ಮನೆಗೆ ಬರೋಣ. ಭಾರತದಲ್ಲಿ ಈ ಹಕ್ಕಿಗೆ ಸಂವಿಧಾನದ ಸ್ಥಾನ ದೊರೆತದ್ದು ಕನ್ನಡನಾಡಿನ ಒಬ್ಬ ವೃದ್ಧರ ಹೆಸರಿನಲ್ಲಿ ಎಂಬುದು ನಾವು ಸಾಕಷ್ಟು ನೆನೆಯದ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು, ಪಾರ್ಲಿಮೆಂಟಿನ ಕಾಯಿದೆಯೇ ಇಲ್ಲದೆ ಬರಿಯ ಸರ್ಕಾರಿ ಆಜ್ಞೆಯಿಂದ ಜನರ ಬೆರಳಚ್ಚು ಕಣ್ಣಚ್ಚುಗಳನ್ನು ಪಡೆಯುವುದು ಹೇಗೆ ಸಾಧುವೆಂದು 2012ರಲ್ಲಿ ಸುಪ್ರೀಂ ಕೋರ್ಟನ್ನು ಕೇಳಿದರು. ಆಗ ಅವರಿಗೆ ಎಂಬತ್ತಾರು ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಕ್ಕೊರಲಿನಿಂದ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ಸೆಪ್ಟೆಂಬರ್ 26ರಂದು ಬಹುಮತದ ತೀರ್ಪು ಆಧಾರವನ್ನು ಸರ್ಕಾರದ ಸಹಾಯಧನಗಳ ಮಟ್ಟಿಗೆ ಎತ್ತಿಹಿಡಿಯಿತು. ಖಾಸಗಿ ಕಂಪೆನಿಗಳು ಅದನ್ನು ಕೇಳುವುದನ್ನು ತಡೆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, ತುಂಬು ಬಾಳನ್ನು ಬಾಳಿ, ತೀರಿಕೊಂಡರು.

ಬೆರಳಚ್ಚಿನ ಮಾತು ಬಂದದ್ದರಿಂದ ಒಂದು ಸಂಗತಿ. ಕೊಳ್ಳೇಗಾಲ ರೇಷ್ಮೆಯ ಊರು. ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ನೂಲು ಬಿಚ್ಚುವ ಹೆಂಗಸಿನ ಬೆರಳ ಗೆರೆಗಳು ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಗೆರೆಯನ್ನು ಕೇಳುತ್ತದೆ, ಕೈಯನ್ನಲ್ಲ. ದುಡಿದು ಸವೆದ ಬೆರಳೇ ಅಕ್ಕಿಗೆ ಅಡ್ಡಬರುವ ವಿಪರೀತವನ್ನು ದೇಶದ ನಾನಾ ಕಡೆಯವರು ಕೋರ್ಟಿನ ಮುಂದೆ ಇಟ್ಟಿದ್ದರು. ಅವಳಿಗೆ ಗೋಪ್ಯದ ಹಕ್ಕಿಗಿಂತ ಮೊದಲು ಬೇಕಾದುದು, ಯಂತ್ರ ತಪ್ಪಿದಾಗ ಹೋಗಿ ಹೇಳಿಕೊಳ್ಳಲು ಒಂದು ಮನುಷ್ಯಮುಖ.

2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. 250 ಕೋಟಿ ರೂಪಾಯಿಯವರೆಗೆ ದಂಡ ಉಂಟು. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಿಯಾದರೂ ಓದುವ ಸೌಕರ್ಯವಿರಬೇಕೆಂದಿದೆ. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಮಗೆ ಬಂದಿತು. ಸಂತೋಷ. ಆದರೆ ದೂರು ಕೇಳುವ ಮಂಡಳಿಯ ಸದಸ್ಯರನ್ನು ನೇಮಿಸುವವರು ಕೇಂದ್ರ ಸರ್ಕಾರದವರೇ. ಸರ್ಕಾರ ತಾನು ಸೂಚಿಸಿದ ಸಂಸ್ಥೆಗಳಿಗೆ ಕಾಯಿದೆಯಿಂದ ವಿನಾಯಿತಿ ಕೊಡಬಹುದು. ಸಹಾಯಧನ ಸವಲತ್ತುಗಳ ಕಾರ್ಯಕ್ಕೆ ಸರ್ಕಾರ ಒಪ್ಪಿಗೆ ಕೇಳಲೇಬೇಕೆಂದಿಲ್ಲ. ಹಾನಿಗೊಂಡವನಿಗೆ ಪರಿಹಾರ ಕೊಡಿಸುವ ಮಾತು ಈ ಕಾಯಿದೆಯಲ್ಲಿ ಇಲ್ಲ. ದಂಡದ ಹಣ ಬೊಕ್ಕಸಕ್ಕೆ. ಹುಸಿ ದೂರು ಕೊಟ್ಟವನಿಗೆ ಮಾತ್ರ ಹತ್ತು ಸಾವಿರ ರೂಪಾಯಿಯವರೆಗೆ ದಂಡ. ಜಾತಿಯ ವಿವರಕ್ಕೂ ಮೊಬೈಲು ಸಂಖ್ಯೆಗೂ ಅದು ಭೇದವೆಣಿಸುವುದಿಲ್ಲ. ಜಾತಿ ತಿಳಿದ ಮೇಲೆ ಬಾಡಿಗೆ ಮನೆಯ ಬಾಗಿಲು ಮುಚ್ಚುವ ನಾಡಿನಲ್ಲಿ ಇದು ಸಣ್ಣ ಲೋಪವಲ್ಲ.

ಇನ್ನೊಂದು ಮಂಡಳಿಯ ಸ್ವರೂಪ. ಅದು ಡಿಜಿಟಲ್ ಕಚೇರಿಯಾಗಿ ನಡೆಯಬೇಕೆಂದು ಕಾಯಿದೆ ಹೇಳುತ್ತದೆ. ಬೆಂಗಳೂರಿನ ಗೃಹಸ್ಥನಿಗೆ ಅನುಕೂಲವಾದೀತು. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಹದೇಶ್ವರ ಬೆಟ್ಟದಲ್ಲಿಯೂ ಇರುವ ಸೋಲಿಗರ ಪೋಡುಗಳಿಗೆ? ಮೊಬೈಲು ಉಸಿರಾಡಲು ಮರದ ದಿಣ್ಣೆ ಹತ್ತಬೇಕಾದ ಎಡೆಗಳು ಅಲ್ಲಿ ಇಂದಿಗೂ ಉಂಟು. ಎಂಟನೆಯ ಅನುಸೂಚಿಯಲ್ಲಿ ಸೋಲಿಗರ ನುಡಿಗೆ ಸ್ಥಾನವಿಲ್ಲ.

ಹಾಗೆಂದು ಸೋಲಿಗರು ತಮ್ಮ ಸಂಗತಿಯನ್ನು ಮುಚ್ಚಿಟ್ಟುಕೊಂಡ ಜನವಲ್ಲ. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆ ಹೊತ್ತಿಗಾಗಲೇ ಅವರು ಸಂಶೋಧಕರೊಡನೆ ಕಾಡೆಲ್ಲ ತಿರುಗಿ, ತಮ್ಮ ಕುಲದೇವರ ನೆಲೆಗಳನ್ನು, ನೂರಾರು ಪವಿತ್ರ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಪ್ಪತ್ತೈದು ಪೋಡುಗಳಿಗೆ ಸಮುದಾಯದ ಅರಣ್ಯಹಕ್ಕು ಪತ್ರ ದೊರೆಯಿತು. ತಲೆಮಾರುಗಳಿಂದ ಎದೆಯಲ್ಲಿದ್ದುದನ್ನು ಅವರು ಕಾಗದಕ್ಕೆ ಕೊಟ್ಟರು. ಆದರೆ ಏನನ್ನು ಗುರುತಿಸಬೇಕು, ಏತಕ್ಕೆ ಬಳಸಬೇಕು ಎಂಬುದನ್ನು ತಿಳಿದು ಕೊಟ್ಟರು. ಮೊಬೈಲು ಹಿಡಿದು ಬಾಗಿಲಿಗೆ ಬರುವ ಅರವತ್ತು ಪ್ರಶ್ನೆಗಳಿಗೂ ಆ ನಕ್ಷೆಗೂ ಇರುವ ಅಂತರ ಇಷ್ಟೇ, ಮತ್ತು ಇದು ಬಹಳ.

ಗೋಪ್ಯವೆಂಬ ಪದಕ್ಕೆ ಇನ್ನೊಂದು ಮುಖವಿದೆ. ಅದನ್ನು ಹೇಳದೆ ಬಿಡಲಾಗದು. ಇದೇ ಕಾಯಿದೆ ಮಾಹಿತಿ ಹಕ್ಕಿನ 2005ರ ಕಾಯಿದೆಗೂ ಕೈಹಾಕಿತು. ಹಿಂದೆ ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸದ ಖಾಸಗಿ ವಿವರವನ್ನಷ್ಟೇ ಅಧಿಕಾರಿ ನಿರಾಕರಿಸಬಹುದಾಗಿತ್ತು. 2025ರ ನವೆಂಬರ್ ಮಧ್ಯದಿಂದ ‘ವೈಯಕ್ತಿಕ ಮಾಹಿತಿ’ ಎಂಬ ಒಂದು ಪದವೇ ನಿರಾಕರಣೆಗೆ ಸಾಕಾಗಿದೆ. ಸಾರ್ವಜನಿಕ ಹಿತ ದೊಡ್ಡದೆಂದು ವಾದಿಸಲು ಬೇರೊಂದು ಕಲಮು ಉಳಿದಿದೆಯಾದರೂ ಭಾರ ಈಗ ಕೇಳುವವನ ಮೇಲೆ. ಪಂಚಾಯಿತಿಯ ಕೂಲಿಪಟ್ಟಿಯಲ್ಲಿ ಸತ್ತವರ ಹೆಸರಿದೆಯೇ, ಮನೆಯ ಅನುದಾನ ಮಾಳಿಗೆಯವನಿಗೆ ಹೋಯಿತೇ ಎಂದು ಕೇಳುವ ಊರಿನವನಿಗೆ, ಅದು ಇನ್ನೊಬ್ಬರ ಖಾಸಗಿ ವಿಷಯವೆಂದು ಉತ್ತರ ಬಂದರೆ, ಬಡವನಿಗೆ ಬೇಲಿಯೂ ಇಲ್ಲ, ಇಣುಕಲು ಕಿಟಕಿಯೂ ಇಲ್ಲ. ಸರ್ಕಾರಿ ಕಾಗದಗಳನ್ನು ಯಾರೂ ನೋಡಬಹುದೆಂಬ ನಿಯಮವನ್ನು 1766ರಷ್ಟು ಹಿಂದೆಯೇ ಮಾಡಿದ ಸ್ವೀಡನ್ನು, ಶಾಲೆಯ ಮಕ್ಕಳ ಮುಖವನ್ನೂ ಕಾಯಿತು. ಎರಡೂ ಒಟ್ಟಿಗೆ ಬಾಳಬಲ್ಲವು.

2023ರ ಕಾಯಿದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮಂಡಳಿಯ ರಚನೆ ಕೂಡಲೇ ಆಗಬೇಕೆಂದೂ, ವಿವರ ಸಂಗ್ರಹಿಸುವವರ ಮುಖ್ಯ ಹೊಣೆಗಳು ಹದಿನೆಂಟು ತಿಂಗಳು ಕಳೆದು, ಅಂದರೆ 2027ರ ಮೇ ಮಧ್ಯದಲ್ಲಿ, ಜಾರಿಗೆ ಬರುವುವೆಂದೂ ಅವು ಹೇಳುತ್ತವೆ. ಈ ನಡುವೆ ದೇಶದ ಜನಗಣತಿಗೆ 2027ರ ಮಾರ್ಚ್ 1ನ್ನು ಗೊತ್ತುಮಾಡಿ 2025ರ ಜೂನ್‌ನಲ್ಲಿಯೇ ಅಧಿಸೂಚನೆಯಾಗಿದೆ. ಅದರಲ್ಲಿ ಜಾತಿಯ ಪ್ರಶ್ನೆಯೂ ಉಂಟು. ಕೊಳ್ಳೇಗಾಲವನ್ನು 1951ರಲ್ಲಿ ಮದ್ರಾಸಿನ ಲೆಕ್ಕದಲ್ಲಿ, 1961ರಲ್ಲಿ ಮೈಸೂರಿನ ಲೆಕ್ಕದಲ್ಲಿ ಎಣಿಸಿದರು. ಹನೂರು ತನ್ನದೇ ತಾಲೂಕಾಗಿ ಎಣಿಕೆಗೆ ನಿಲ್ಲುವುದು ಈ ಬಾರಿಯೇ ಮೊದಲು. ಆ ಎಣಿಕೆಗೆ ರಕ್ಷೆಯಾಗಿ ಇರುವುದು 1948ರ ಜನಗಣತಿ ಕಾಯಿದೆಯ ಹದಿನೈದನೆಯ ಕಲಮು. ಗಣತಿಯ ಪುಸ್ತಕವನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಅದರಲ್ಲಿನ ಬರಹ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಸಲ್ಲದು ಎಂದು ಅದು ನಾಲ್ಕಾರು ಸಾಲುಗಳಲ್ಲಿ ಹೇಳುತ್ತದೆ. ಗಣಕಯಂತ್ರದ ಹೆಸರನ್ನೇ ಕೇಳದ ಕಾಲದಲ್ಲಿ ಬರೆದ ಸಾಲುಗಳವು. ಮುಂದಿನ ಬಾರಿ ಮೇಷ್ಟ್ರು ಜಗಲಿಗೆ ಬಂದು ಕುಳಿತಾಗ, ಪ್ರಶ್ನೆ ಕೇಳುವುದಕ್ಕೆ ಮೊದಲು, ಆ ಕಲಮನ್ನು ಮನೆಯವರಿಗೆ ಕನ್ನಡದಲ್ಲಿ ಓದಿಹೇಳಿದರೆ ಎರಡು ನಿಮಿಷವೂ ಹಿಡಿಯದು.